ರೈಲ್ವೆ ನೌಕರರ ಪಿಂಚಣಿ ಅರ್ಹತಾ ಸೇವೆ

ಅರ್ಹತಾ ಸೇವೆ ಎಂದರೆ ಪಿಂಚಣಿಯ ಹಕ್ಕು ದೊರೆಯಲು ಲೆಕ್ಕಕ್ಕೆ ಬರುವ ಸೇವಾವಧಿ. ಭಾರತೀಯ ರೈಲ್ವೆಗೆ 2004ರ ಜನವರಿ 1ಕ್ಕಿಂತ ಮೊದಲು ಸೇರಿದವರಿಗೆ ಸಾಮಾನ್ಯವಾಗಿ 1993ರ ರೈಲ್ವೆ ಸೇವೆಗಳ (ಪಿಂಚಣಿ) ನಿಯಮಗಳು ಅನ್ವಯಿಸುತ್ತವೆ. ಇವುಗಳ ಪ್ರಕಾರ ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷಗಳ ಅರ್ಹತಾ ಸೇವೆ ಬೇಕು.

ಉದ್ಯೋಗ ಬದಲಿಸುವಾಗ ವರ್ಷಗಳ ಎಣಿಕೆಗಿಂತ ಹುದ್ದೆ ತೊರೆದ ರೀತಿಯೇ ಮುಖ್ಯ. ಸಾಮಾನ್ಯ ರಾಜೀನಾಮೆಯಿಂದ ಹಿಂದಿನ ಸೇವೆಯೆಲ್ಲ ರದ್ದಾಗುತ್ತದೆ. 20 ವರ್ಷ ದುಡಿದವರೂ ಇದಕ್ಕೆ ಹೊರತಲ್ಲ. ಅದೇ 20 ವರ್ಷ ಪೂರೈಸಿ ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ಅನುಮತಿ ಪಡೆದು, ಪಿಂಚಣಿಗೆ ಸೇವೆ ಪರಿಗಣಿಸುವ ಮತ್ತೊಂದು ಸರ್ಕಾರಿ ಹುದ್ದೆಗೆ ಸೇರಲು ನೀಡುವ 'ತಾಂತ್ರಿಕ ರಾಜೀನಾಮೆ'ಯಿಂದ ಸೇವೆ ನಷ್ಟವಾಗುವುದಿಲ್ಲ.

ಕಾರವಾರ ತಾಲ್ಲೂಕಿನ ಕದ್ರಾ ಪರಿಸರದ ಜನರು ಬಳಸುವ ಕಾರವಾರ ಮತ್ತು ಅಂಕೋಲಾ ನಿಲ್ದಾಣಗಳು ಕೊಂಕಣ ರೈಲ್ವೆ ಮಾರ್ಗದಲ್ಲಿವೆ. 1990ರಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆಯು ಸರ್ಕಾರಿ ಇಲಾಖೆಯಲ್ಲ, ನಿಗಮ. ಭಾರತೀಯ ರೈಲ್ವೆಯ ನೌಕರರು ಇಂಥ ನಿಗಮಕ್ಕೆ ನಿಯೋಜನೆಯ ಮೇಲೆ ಹೋದರೆ ಮಾತೃ ಇಲಾಖೆಯೊಡನೆ ಸಂಬಂಧ ಉಳಿಯುತ್ತದೆ. ಅನುಮತಿಯೊಂದಿಗೆ ಖಾಯಂ ಆಗಿ ವಿಲೀನಗೊಂಡರೆ ಅಂದಿನಿಂದ ರೈಲ್ವೆ ಸೇವೆಯಿಂದ ನಿವೃತ್ತರೆಂದು ಪರಿಗಣಿಸಲಾಗುತ್ತದೆ.

2004ರ ನಂತರ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸೇರಿದವರ ಖಾತೆ ವೈಯಕ್ತಿಕವಾದುದರಿಂದ, ಉದ್ಯೋಗ ಬದಲಾದರೂ ಅದೇ ಖಾತೆಸಂಖ್ಯೆ ಮುಂದುವರಿಯುತ್ತದೆ. ಗುತ್ತಿಗೆದಾರರ ಕೈಕೆಳಗಿನ ಕಾರ್ಮಿಕರಿಗೆ ಅನ್ವಯಿಸಬಹುದಾದ 1995ರ ನೌಕರರ ಪಿಂಚಣಿ ಯೋಜನೆಯಲ್ಲೂ 10 ವರ್ಷಗಳ ಸೇವೆ ಅಗತ್ಯ. ಅದಕ್ಕೂ ಮೊದಲೇ ಕೆಲಸ ಬಿಟ್ಟವರು ಹಣ ಹಿಂಪಡೆಯದೆ ಯೋಜನಾ ಪ್ರಮಾಣಪತ್ರ ಪಡೆದರೆ ಹಳೆಯ ಸೇವೆ ಮುಂದಿನದಕ್ಕೆ ಕೂಡುತ್ತದೆ.