ಬತ್ತಿದ ಸೀಮೆಯ ದಿಂಬುಗಲ್ಲು, ಕಡಲ ನಡುವಿನ ಕಂಬಗಲ್ಲು

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲಿನ ಕಿಟಕಿಯಲ್ಲಿ ನೀರು ಕಾಣುವುದು ಅಪರೂಪ; ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಮಾತ್ರ ತಪ್ಪದೆ ಕಾಣುತ್ತವೆ. ಕೋಲಾರದ ಈ ಸೀಮೆಗೂ ಮಲ್ಪೆಯ ಕಡಲಿನಲ್ಲಿ ಜನವಸತಿಯಿಲ್ಲದೆ ಬಿದ್ದಿರುವ ಸೇಂಟ್ ಮೇರಿಸ್ ದ್ವೀಪಕ್ಕೂ ಎಲ್ಲಿಯ ನಂಟು? ನಂಟು ಕಲ್ಲಿನದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕರ್ನಾಟಕದಲ್ಲಿ ಗುರುತಿಸಿರುವ ರಾಷ್ಟ್ರೀಯ ಭೂಸ್ಮಾರಕಗಳಲ್ಲಿ ಆ ದ್ವೀಪವೂ ಇದೆ, ಕೆ.ಜಿ.ಎಫ್. ಬಳಿಯ ಪೆದ್ದಪಲ್ಲಿಯ ಬಂಡೆಗಳೂ ಇವೆ.

ದ್ವೀಪ ಎಂದರೆ ಒಂದಲ್ಲ, ನಾಲ್ಕು ನಡುಗಡ್ಡೆಗಳ ಗುಂಪು. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದ ಉದ್ದ ಸುಮಾರು 500 ಮೀಟರ್, ಅಗಲ 100. ಅಲ್ಲಿ ಬೆರಗು ಹುಟ್ಟಿಸುವುದು ಯಾರೋ ಬಡಗಿ ಅಳತೆ ಹಿಡಿದು ಕೆತ್ತಿದಂತಿರುವ, ಬಹುತೇಕ ಆರು ಮೂಲೆಯ ಕಲ್ಲುಕಂಬಗಳು. ಬೇಸಗೆಯಲ್ಲಿ ಕೆರೆಯಂಗಳದ ಗೋಡು ಹೇಗೆ ಬಿರಿಯುತ್ತದೆಂದು ಕೋಲಾರದವರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿ ಹಾಗೆ ಬಿರಿದದ್ದು ಲಾವಾ. ಆರುತ್ತ ಆರುತ್ತ ಕುಗ್ಗಿತು, ಮೇಲಿನ ಬಿರುಕು ಒಳಕ್ಕೆ ಇಳಿಯಿತು, ಕಂಬಗಳು ಬಿಡಿಬಿಡಿಯಾದವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಹೊತ್ತಿನಲ್ಲಿ.

ಅಟ್ಲಾಂಟಿಕ್ ಸಾಗರದಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಇದರ ದಾಯಾದಿಯಂಥ ಸ್ಟಾಫಾ ಎಂಬ ನಿರ್ಜನ ದ್ವೀಪವಿದೆ. ಅಲ್ಲಿನ ಕಂಬಗಳ ನಡುವಿನ ಫಿಂಗಲ್ ಗುಹೆಯನ್ನು 1829ರಲ್ಲಿ ನೋಡಿದ ಸಂಗೀತಗಾರ ಮೆಂಡೆಲ್ಸನ್‌ನಿಂದಾಗಿ ಅದು ಲೋಕಪ್ರಸಿದ್ಧ. ನಮ್ಮದಕ್ಕೆ ಆ ಭಾಗ್ಯವಿಲ್ಲ. ಸಿಕ್ಕಿದ್ದು ವಾಸ್ಕೊ ಡ ಗಾಮನ ಕಥೆ. 1498ರಲ್ಲಿ ಅವನು ಇಲ್ಲಿ ಕಂಬ ನೆಟ್ಟು ಸಾಂತಾ ಮರಿಯಾಳ ಹೆಸರಿಟ್ಟನಂತೆ. ಕಲ್ಲಿಕೋಟೆಗೆ ಹೋಗುವ ಮೊದಲೇ ಇಲ್ಲಿ ಇಳಿದ ಎನ್ನುವವರಿದ್ದಾರೆ. ಆದರೆ ಆ ಯಾನದ ದಿನಚರಿಯಲ್ಲಿ ಸಾಂತಾ ಮರಿಯಾ ಕಂಬದ ಪ್ರಸ್ತಾಪ ಬರುವುದು ಹಿಂದಿರುಗುವ ದಾರಿಯಲ್ಲಿ. ಕಂಬಗಳೇ ತುಂಬಿದ ದ್ವೀಪದಲ್ಲಿ ಇನ್ನೊಂದು ಕಂಬ!

ಪೆದ್ದಪಲ್ಲಿಯ ಕಲ್ಲಿನ ಮುಂದೆ ಈ ದ್ವೀಪ ಎಳೆಗೂಸು. ಕೋಲಾರದ ಚಿನ್ನದ ಪಟ್ಟಿಯ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ಅಲ್ಲಿ ಜ್ವಾಲಾಮುಖಿ ಸಿಡಿಸಿದ ಚೂರುಗಳಿವೆ, ದಿಂಬು ಪೇರಿಸಿಟ್ಟಂಥ ಲಾವಾ ಇದೆ. ಈ ದಿಂಬಿನಾಕಾರ ಬರುವುದು ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ಗಟ್ಟಿಯಾದಾಗ. ಇಂದು ಕಡಲು ಸುತ್ತುವರಿದ ದ್ವೀಪದ ಲಾವಾವಾದರೋ ಬಯಲ ಗಾಳಿಯಲ್ಲಿ ಆರಿದ್ದು. ಕಡಲಿನ ಕಲ್ಲು ಒಣನೆಲದಲ್ಲಿ ಹುಟ್ಟಿತು. ಟ್ಯಾಂಕರ್‌ಗೆ ಕಾಯುವ ಸೀಮೆಯ ಕಲ್ಲು ನೀರಿನಲ್ಲಿ.

ಆ ಹಳೆಯ ಶಿಲೆಯೊಳಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರ ಫೆಬ್ರುವರಿ 28ರಂದು ಗಣಿಗಾರಿಕೆ ನಿಂತಿತು. ಈಗ ಅಲ್ಲಿಗೆ ಇಳಿಯುವವರಿಲ್ಲ. ಪೆದ್ದಪಲ್ಲಿಯ ಬಂಡೆ ನೆಲದ ಮೇಲೆಯೇ ಇದೆ. ಮಲ್ಪೆಗೆ ಹೋಗುವವರು ಮಾತ್ರ ಮಳೆಗಾಲ ಕಳೆಯುವವರೆಗೆ ಕಾಯಲಿ. ಮಳೆಗಾಲದಲ್ಲಿ ದ್ವೀಪದ ದೋಣಿಗಳು ದಡ ಬಿಡುವುದಿಲ್ಲ.