ಎರಡು ತಂತಿ, ಒಂದೇ ಟ್ರೆಂಚ್

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆ ನೀರಲ್ಲಿ ಮುಳುಗಿತು. ಊಟಿಯತ್ತ ಹೊರಟವರು ಬೇರೆ ದಾರಿ ಹುಡುಕಬೇಕಾಯಿತು. ಆ ಬೇರೆ ದಾರಿಯೂ ಅದೇ ಮಠದ ಮುಂದೆಯೇ ಹಾದುಹೋಗಿದ್ದರೆ? ಕಾರ್ಖಾನೆಯೊಳಗೆ ಈಥರ್‌ನೆಟ್ ಜಾಲ ಹಾಸಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನಂಜನಗೂಡಿನ ಸುತ್ತ ಕಾಫಿಪುಡಿ, ಸರ್ಕ್ಯೂಟ್ ಬೋರ್ಡ್, ಕಾಗದ, ಬಣ್ಣ, ಔಷಧ ತಯಾರಾಗುತ್ತವೆ. ಅಳಗಂಚಿಯಲ್ಲಿ ಕಬ್ಬು ಅರೆಯುತ್ತಾರೆ. ಇಂಥ ಉದ್ದಿಮೆಗಳಲ್ಲಿ ಯಂತ್ರಗಳನ್ನು ನಡೆಸುವುದು ಪಿಎಲ್‌ಸಿ ಎಂಬ ಗಟ್ಟಿಮುಟ್ಟಾದ ಪುಟ್ಟ ಕಂಪ್ಯೂಟರ್. ಪಿಎಲ್‌ಸಿಗಳು ಪರಸ್ಪರ ಮಾತಾಡಲು ಇಂದು ಹೆಚ್ಚಾಗಿ ನೆಚ್ಚುವ ಈಥರ್‌ನೆಟ್, 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಜೆರಾಕ್ಸ್ ಪ್ರಯೋಗಾಲಯದಲ್ಲಿ ಕಚೇರಿಯ ಕಂಪ್ಯೂಟರ್‌ಗಳಿಗಾಗಿ ಕಲ್ಪಿಸಿಕೊಂಡದ್ದು. ಕಚೇರಿಯಲ್ಲಿ ಒಂದು ಇಮೇಲ್ ಎರಡು ಸೆಕೆಂಡ್ ತಡವಾದರೆ ಯಾರಿಗೂ ತಿಳಿಯದು. ಕಾರ್ಖಾನೆಯಲ್ಲಿ ಅಷ್ಟು ಹೊತ್ತು ಸುದ್ದಿ ಬಾರದಿದ್ದರೆ ಯಂತ್ರ ಅಪಾಯವೆಂದು ತಾನೇ ನಿಂತುಬಿಡಬಹುದು.

ಆದ್ದರಿಂದ ಎರಡು ನಕ್ಷೆ ಬೇಕು. ಮೊದಲನೆಯದು ಯಾರು ಯಾರೊಡನೆ ಮಾತಾಡಬೇಕು ಎಂಬುದರ ನಕ್ಷೆ. ಗೇಟಿನ ಕ್ಯಾಮೆರಾದ ವಿಡಿಯೊ ಗಿರಣಿಯ ಪಿಎಲ್‌ಸಿಯ ಕಿವಿಗೆ ಬೀಳಬೇಕಿಲ್ಲ. ಐಇಇಇ 802.1ಕ್ಯು ನಿಯಮದಂತೆ ಪ್ರತಿ ಸಂದೇಶಕ್ಕೂ ಗುಂಪಿನ ಸಂಖ್ಯೆ ಅಂಟಿಸಿದರೆ, ಒಂದೇ ತಂತಿಯೊಳಗೆ 4094 ಬೇರೆ ಬೇರೆ ಜಾಲಗಳನ್ನು ಗುರುತಿಸಬಹುದು. ಇವೇ ವಿಲಾನ್‌ಗಳು. ಲೆಕ್ಕಪತ್ರ ವಿಭಾಗಕ್ಕೂ ಯಂತ್ರಗಳಿಗೂ ನಡುವೆ ಫೈರ್‌ವಾಲ್ ಕಾವಲಿರಬೇಕು.

ಎರಡನೆಯದು ತಂತಿ ಓಡುವ ಜಾಗದ ನಕ್ಷೆ. ಇದನ್ನು ಕುರ್ಚಿಯಲ್ಲಿ ಕೂತು ಬರೆಯಬಾರದು, ಕಾರ್ಖಾನೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿಯೇ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾಮಾನ್ಯ ತಾಮ್ರದ ಈಥರ್‌ನೆಟ್ ಕೇಬಲ್‌ನ ಮಿತಿ 100 ಮೀಟರ್. ಮೋಟಾರ್ ವೇಗ ಬದಲಿಸುವ ಡ್ರೈವ್‌ಗಳ ಪವರ್ ಕೇಬಲ್ ಪಕ್ಕದಲ್ಲೇ ಮಲಗಿಸಿದರೆ ಅದರ ವಿದ್ಯುತ್ ಗದ್ದಲ ಸಂದೇಶವನ್ನು ಕೆಡಿಸುತ್ತದೆ. ಬೇರೆ ಟ್ರೇ ಬೇಕು. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಬೇಕು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಒಳ್ಳೆಯದು: ಅದರ ಗಾಜಿನ ಎಳೆಯೊಳಗೆ ಹರಿಯುವುದು ಬೆಳಕು, ಈ ಗದ್ದಲ ಅದಕ್ಕೆ ತಾಗದು.

ಎರಡು ನಕ್ಷೆಗಳೂ ಕೂಡುವ ಜಾಗ ಉಂಗುರ. ಸಂದೇಶಗಳನ್ನು ದಾಟಿಸುವ ಪೆಟ್ಟಿಗೆಗಳಾದ ಸ್ವಿಚ್‌ಗಳನ್ನು ವೃತ್ತದಂತೆ ಜೋಡಿಸಿದರೆ ಒಂದು ಕಡೆ ತಂತಿ ತುಂಡಾದರೂ ಸಂದೇಶ ಇನ್ನೊಂದು ಕಡೆಯಿಂದ ಬರುತ್ತದೆ. ಆದರೆ ಈಥರ್‌ನೆಟ್ ಸಂದೇಶಕ್ಕೆ ಆಯುಷ್ಯದ ಲೆಕ್ಕವಿಲ್ಲ. ಎಲ್ಲರಿಗೂ ಎಂದು ಕಳಿಸಿದ ಸಂದೇಶ ವೃತ್ತಕ್ಕೆ ಸಿಕ್ಕರೆ ಸುತ್ತುತ್ತಲೇ ಇದ್ದು ಜಾಲವನ್ನೇ ಉಸಿರುಗಟ್ಟಿಸುತ್ತದೆ. ಅದಕ್ಕಾಗಿ ಉಂಗುರದ ಒಂದು ಕೊಂಡಿಯನ್ನು ಮುಚ್ಚಿಟ್ಟಿರುತ್ತಾರೆ; ಬೇರೆಲ್ಲೋ ತುಂಡಾದೊಡನೆ ಅದು ತೆರೆದುಕೊಳ್ಳುತ್ತದೆ. ಎಂಆರ್‌ಪಿ ಎಂಬ ಪದ್ಧತಿಯಲ್ಲಿ 50 ಸ್ವಿಚ್‌ಗಳ ಉಂಗುರ 200 ಮಿಲಿಸೆಕೆಂಡಿನೊಳಗೆ ಚೇತರಿಸಿಕೊಳ್ಳುತ್ತದೆ.

ಕಾಗದದ ಮೇಲೆ ಎಷ್ಟು ಚೆಂದ! ಹೋಗುವ ತಂತಿ, ಬರುವ ತಂತಿ ಎರಡನ್ನೂ ಖರ್ಚು ಉಳಿಸಲೆಂದು ಒಂದೇ ಟ್ರೆಂಚಿನಲ್ಲಿ ಹೂತಿದ್ದರೆ, ಜೆಸಿಬಿಯ ಒಂದೇ ಏಟಿಗೆ ಎರಡೂ ಕಡಿಯುತ್ತವೆ, ಮುಚ್ಚಿಟ್ಟ ಕೊಂಡಿ ತೆರೆದರೂ ಆಚೆಯವರ ಸುದ್ದಿ ಈಚೆಗೆ ಬರುವುದಿಲ್ಲ. ಒಂದು ಟ್ರೆಂಚಿನಲ್ಲಿ ಹೋದರೆ ಇನ್ನೊಂದು ಕಾರ್ಖಾನೆಯ ಆಚೆ ಬದಿಯಲ್ಲಿ, ಪೈಪುಗಳ ಮೇಲಿನ ಟ್ರೇಯಲ್ಲಿ ಸುತ್ತಿಬರಲಿ.