ರೇಡಿಯೋದೊಳಗಿನ ಮಿಶ್ರಕ

ಬೆಂಗಳೂರು ಆಕಾಶವಾಣಿಯ ಕನ್ನಡ ದನಿ 612 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಗಡಿ ದಾಟಿ ನಮ್ಮ ಮನೆಗಳಿಗೆ ಬರುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಅಷ್ಟು ದೂರದ ಕ್ಷೀಣ ಅಲೆಯನ್ನು ಪೆಟ್ಟಿಗೆಯು ಹೆಕ್ಕಿ ತೆಗೆಯುವ ಮರ್ಮವು ಮಿಶ್ರಕವೆಂಬ ಅಂಗದಲ್ಲಿದೆ.

ನಿಲಯ ಬದಲಿಸಿದಾಗಲೆಲ್ಲ ಒಳಗಿನ ಶೋಧಕಗಳೆಲ್ಲವನ್ನೂ ಹೊಸದಾಗಿ ಹೊಂದಿಸುವುದು ಕಷ್ಟಸಾಧ್ಯ. ಆದುದರಿಂದ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ, ಯಾವ ನಿಲಯವನ್ನೇ ಆಗಲಿ ಒಂದೇ ನಿಯತ ಕಂಪನಾಂಕಕ್ಕೆ ತರುವ ಸೂಪರ್‌ಹೆಟರೊಡೈನ್ ಪದ್ಧತಿಯನ್ನು ರೂಪಿಸಿದನು. 612ಕ್ಕಾಗಿ ಗ್ರಾಹಕವು ತಾನೇ 1067ರ ಅಲೆಯೊಂದನ್ನು ಹುಟ್ಟಿಸುತ್ತದೆ. ಮಿಶ್ರಕವು ಎರಡನ್ನೂ ಗುಣಿಸುತ್ತದೆ. ತ್ರಿಕೋನಮಿತಿ ಓದಿದವರು ಬಲ್ಲಂತೆ, ಆ ಗುಣಲಬ್ಧದಲ್ಲಿ ಮೊತ್ತವೂ ವ್ಯತ್ಯಾಸವೂ ದೊರೆಯುತ್ತವೆ. ವ್ಯತ್ಯಾಸವಾದ 455ನ್ನು ಉಳಿಸಿಕೊಳ್ಳುವುದು ವಾಡಿಕೆ. ಬರಿದೆ ಕೂಡಿಸಿದರೆ ಹೊಸ ಕಂಪನಾಂಕ ಹುಟ್ಟದು. ಮಿಶ್ರಕವೆಂಬ ಹೆಸರೇ ತುಸು ದಾರಿ ತಪ್ಪಿಸುವಂಥದು!

ಇಲ್ಲೊಂದು ತೊಡಕಿದೆ. 1522ರ ಅಲೆಯೂ 1067ರಿಂದ 455ರಷ್ಟೇ ದೂರದಲ್ಲಿದೆ. ಈ 'ಪ್ರತಿಬಿಂಬ'ವು ಒಳನುಗ್ಗಿದರೆ ಬೇಕಾದ ದನಿಯ ಮೇಲೆಯೇ ಬಂದು ಕೂರುತ್ತದೆ. ಆಮೇಲೆ ಯಾವ ಶೋಧಕವೂ ಅದನ್ನು ಬೇರ್ಪಡಿಸಲಾರದು. ಹಳೆಯ ಪೆಟ್ಟಿಗೆಗಳಲ್ಲಿ ತಂತಿಸುರುಳಿಯೂ ಕಂಡೆನ್ಸರೂ ಕೂಡಿ ಅದನ್ನು ಬಾಗಿಲಲ್ಲೇ ತಡೆಯುತ್ತಿದ್ದವು.

ಉಗುರಿನಗಲದ ಚಿಪ್ಪಿನಲ್ಲಿ ಅಂಥ ಸುರುಳಿಗೆ ಎಡೆಯೆಲ್ಲಿ? ಅಲ್ಲಿ ಎಲ್ಲವನ್ನೂ ಟ್ರಾನ್ಸಿಸ್ಟರುಗಳಿಂದಲೇ ಸಾಧಿಸಬೇಕು. ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ ಗುಣಕ ಮಂಡಲವು ಇದಕ್ಕೆ ಒದಗಿತು. ಅವನ ಹೆಸರಿನ ಕೋಶದಲ್ಲಿ ಆರು ಟ್ರಾನ್ಸಿಸ್ಟರುಗಳು. ಕೆಳಗಿನ ಜೋಡಿ ಸಂಕೇತವನ್ನು ವಿದ್ಯುತ್ಪ್ರವಾಹವಾಗಿಸುತ್ತದೆ. ಮೇಲಿನ ನಾಲ್ಕು, ಗ್ರಾಹಕದ ಸ್ವಂತ ಅಲೆಯ ತಾಳಕ್ಕೆ ಸರಿಯಾಗಿ ಆ ಪ್ರವಾಹವನ್ನು ಅತ್ತಿತ್ತ ಹೊರಳಿಸುತ್ತವೆ.

ಪ್ರತಿಬಿಂಬವನ್ನು ಅಳಿಸಲು ಇಂಥ ಎರಡು ಮಿಶ್ರಕಗಳನ್ನು ಇಟ್ಟು, ಒಂದಕ್ಕೆ ಸ್ವಂತ ಅಲೆಯನ್ನು 90 ಡಿಗ್ರಿ ತಡವಾಗಿ ಕೊಡುತ್ತಾರೆ. ಹೊರಬಂದ ಎರಡು ಫಲಗಳಲ್ಲಿ ಒಂದನ್ನು ಮತ್ತೆ 90 ಡಿಗ್ರಿ ಸರಿಸಿ ಕೂಡಿಸಿದರೆ ಬೇಕಾದ ಸಂಕೇತವು ಇಮ್ಮಡಿಯಾಗುತ್ತದೆ, ಪ್ರತಿಬಿಂಬವು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಎಂಥ ಸೊಗಸಾದ ಉಪಾಯ! ಆದರೆ ಆ 90ರಲ್ಲಿ ಒಂದೇ ಡಿಗ್ರಿ ತಪ್ಪಿದರೂ, ಬೇಕಾದುದಕ್ಕೆ ಹೋಲಿಸಿದಾಗ ಪ್ರತಿಬಿಂಬದ ಶಕ್ತಿಯಲ್ಲಿ ಸುಮಾರು 13,000ದಲ್ಲಿ ಒಂದು ಪಾಲು ಉಳಿದೇ ಉಳಿಯುತ್ತದೆ. ಬೇಡವಾದ ನಿಲಯವು ಊರ ಪಕ್ಕದಲ್ಲಿದ್ದು, ಬೇಕಾದುದು ಇನ್ನೂರು ಮೈಲಿಯಾಚೆ ಇದ್ದರೆ ಅಷ್ಟು ಪಾಲೇ ಕಿವಿಗೆ ಕಿರುಕುಳವಾಗಬಹುದು. ಆದ್ದರಿಂದ ವಿನ್ಯಾಸಕಾರರು ಎರಡೂ ಮಿಶ್ರಕಗಳ ಟ್ರಾನ್ಸಿಸ್ಟರುಗಳನ್ನು ಒಂದೇ ಅಳತೆಯಲ್ಲಿ, ಒಂದರ ಮಗ್ಗುಲಲ್ಲಿ ಒಂದನ್ನು ಇರಿಸುತ್ತಾರೆ. ಮಿಕ್ಕ ದೋಷವನ್ನು ಈಚಿನ ಚಿಪ್ಪುಗಳು ಒಳಗೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತವೆ.